ಮರದ ಬುಡದಾಚೆ ಒಂದು ಮೊಳ

ಅಪ್ಪ ತಾಯಕ್ಕನಿಗೆ ಮಾತು ಕೊಟ್ಟಾಗ ನನಗೆ ಏಳು ವರ್ಷ. ಅಪ್ಪ ಹಾಸಿಗೆ ಹೊಲಿಯುವವನು. ಅರಳೆ ಹಿಂಜುತ್ತಿದ್ದವನು ಬಿಲ್ಲನ್ನು ಕೆಳಗಿಟ್ಟು ಹಾಗೇ ಎದ್ದು ಬಂದಿದ್ದ. ಹುಬ್ಬು, ಮೀಸೆ, ಕಿವಿಯ ಕೂದಲ ಮೇಲೆಲ್ಲ ಬಿಳಿಯ ಎಳೆ ಕೂತು, ನಲವತ್ತರ ಗಂಡಸು ಎಂಬತ್ತರ ಮುದುಕನ ಹಾಗೆ ಕಾಣುತ್ತಿದ್ದ. ಎದುರಿಗೆ ತನ್ನ ಹುಣಸೆ ಮರಕ್ಕೆ ಬೆನ್ನು ಕೊಟ್ಟು ಪಕ್ಕದ ಮನೆಯ ತಾಯಕ್ಕ ನಿಂತಿದ್ದಳು, ಕೈಯಲ್ಲಿ ಕುಡುಗೋಲು. ಆಗ ಅವಳಿಗೆ ಇಪ್ಪತ್ತೋ ಇಪ್ಪತ್ತೆರಡೋ. ಅವಳ ಅವ್ವ ತೀರಿಕೊಂಡು ತಿಂಗಳಾಗಿತ್ತು, ನಮ್ಮ ಮನೆಯಲ್ಲಿ ನನ್ನ ತಂಗಿ ಹುಟ್ಟಿ ತಿಂಗಳಾಗಿತ್ತು. ಅವತ್ತು ಬೆಳಿಗ್ಗೆ ನಮ್ಮ ಕೆಂಪು ಮಣ್ಣು ಮರದ ಬುಡವನ್ನು ದಾಟಿ ಅವಳ ಬೂದು ಮಣ್ಣಿನೊಳಕ್ಕೆ ಒಂದು ಮೊಳ ಹೋಗಿ ನಿಂತಿತ್ತು.

"ನಮ್ಮನೇಲಿ ಎಷ್ಟ್ ಮಕ್ಳಾದ್ರೂ ಆಗ್ಲಿ, ನಮ್ ಗಡಿ ಈ ಮರ ದಾಟಲ್ಲ ಕಣವ್ವ," ಎಂದ ಅಪ್ಪ. "ಮಣ್ಣು ದಾಟಿದ್ರೂ ಹಗ್ಗ ದಾಟಲ್ಲ. ನಾನಿರೋಗಂಟ ನಾನು, ಆಮೇಲೆ ಇವನು." ಇವನು ಎನ್ನುವಾಗ ಅವನ ಕೈ ನನ್ನ ನೆತ್ತಿಯ ಮೇಲಿತ್ತು.

ತಾಯಕ್ಕ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ, "ಸುಮ್ನೆ ಈಸ್ಕೊಳೋಳಲ್ಲ ನಾನು ಮಾವ. ನಿಮ್ ಕಡೀಕ್ ಚಾಚಿರೋ ಕೊಂಬೆನೆಲ್ಲ ವರ್ಷಾ ವರ್ಷಾ ನಾನೇ ಕಡೀತೀನಿ. ನೀವ್ ಬಿಸ್ಲಿಗ್ ಹಾಕೋ ಅರಳೆ ಮ್ಯಾಲೆ ನನ್ ಮರದ್ ನೆಳ್ಳು ಬೀಳಲ್ಲ," ಎಂದಳು. ಅಂದೇ ಮರ ಹತ್ತಿದಳು. ಅವತ್ತಿನಿಂದ ಆ ಮರ ಅರ್ಧ ಮರವಾಗಿಯೇ ಬೆಳೆಯಿತು. ಅವಳ ಕಡೆಗೆ ಮಾತ್ರ ತುಂಬು ಕೊಂಬೆ, ನಮ್ಮ ಕಡೆಗೆ ಬರಿಯ ಗಂಟು. ದಾರಿಹೋಕರು ನೋಡಿದರೆ ಯಾರೋ ಒಬ್ಬಳು ಮುಖ ತಿರುಗಿಸಿಕೊಂಡು ನಿಂತಿದ್ದಾಳೆ ಎಂದುಕೊಳ್ಳಬೇಕು.

ನಮ್ಮೂರಿನಲ್ಲಿ ನೆಲ ಬಾಯಿ ಎಣಿಸುತ್ತದೆ. ಮನೆಯಲ್ಲಿ ಉಣ್ಣುವ ಬಾಯಿ ಒಂದು ಹೆಚ್ಚಿದರೆ ಹಿತ್ತಲು ಒಂದು ಮೊಳ ಹೆಚ್ಚುತ್ತದೆ, ಕಡಿಮೆಯಾದರೆ ಒಂದು ಮೊಳ ಹಿಂದಕ್ಕೆ ಸರಿಯುತ್ತದೆ. ಬಂದು ಹೋಗುವ ನೆಂಟರಿಗೆಲ್ಲ ಅದು ಮೋಸ ಹೋಗುವುದಿಲ್ಲ. ಒಂದು ಸೂರಿನ ಕೆಳಗೆ ಮೂವತ್ತು ರಾತ್ರಿ ಉಂಡು ಮಲಗಿದವರು ಆ ಮನೆಯವರು. ನಡುವೆ ಒಂದು ರಾತ್ರಿ ತಮ್ಮ ಮನೆಗೆ ಹೋಗಿ ಮಲಗಿದರೂ ಎಣಿಕೆ ಮತ್ತೆ ಒಂದರಿಂದ. ಹಾಗಾಗಿ ನಮ್ಮಲ್ಲಿ ಯಾರೂ ಹಿತ್ತಲಿಗೆ ಗೋಡೆ ಕಟ್ಟುವುದಿಲ್ಲ. ಗೂಟ ಹೊಡೆದು ತೆಂಗಿನ ನಾರಿನ ಹಗ್ಗ ಎಳೆಯುತ್ತೇವೆ. ಒಬ್ಬರು ಹಾಕಿದ ಕುಂಬಳದ ಬಳ್ಳಿ ಇನ್ನೊಬ್ಬರ ಮಣ್ಣಿನಲ್ಲಿ ಕಾಯಿ ಬಿಡುತ್ತದೆ, ಕಾಯನ್ನು ಅರ್ಧ ಮಾಡಿಕೊಳ್ಳುತ್ತೇವೆ. ಮಗಳನ್ನು ಮದುವೆ ಮಾಡಿ ಕಳಿಸಿದ ದಿನ ನಮ್ಮೂರಿನ ಗಂಡಸರು ಅಳುವುದಿಲ್ಲ. ಮೂವತ್ತೊಂದನೆಯ ಬೆಳಿಗ್ಗೆ ಚೊಂಬು ಹಿಡಿದು ಹಿತ್ತಲಿಗೆ ಹೋದಾಗ ಮಣ್ಣು ಒಂದು ಮೊಳ ಹಿಂದೆ ಬಂದಿರುತ್ತದಲ್ಲ, ಆಗ ಅಲ್ಲೇ ಕೂತುಬಿಡುತ್ತಾರೆ. ನನ್ನ ತಂಗಿ ಹೋದಾಗ ಅಪ್ಪನೂ ಕೂತಿದ್ದ. ನೆಲ ಸರಿಯುವಾಗ ಸದ್ದಾಗುವುದಿಲ್ಲ. ಮಲಗಿದವರಿಗೆ ಯಾರೋ ಹಾಸಿಗೆಯ ತುದಿಯನ್ನು ಮೆಲ್ಲಗೆ ಎಳೆದ ಹಾಗಾಗುತ್ತದೆ, ಅಷ್ಟೆ.

ನೆಲದ ಕಚೇರಿಯಿಂದ ಹುಕುಂ ಬಂದದ್ದು ಹೋದ ವರ್ಷ. ಇನ್ನು ಮೇಲೆ ಪ್ರತಿ ಮನೆಯ ಗಡಿಯೂ ಕಾಗದದ ಮೇಲೆ ಇರಬೇಕು. ಅಳೆಯಲು ಬಂದ ಮೋಜಣಿದಾರ ಗುರುಸಿದ್ದಯ್ಯನವರು ಕದಲದ ನೆಲದ ಊರಿನವರು. ಪಾಪ, ನಮ್ಮ ಬೀದಿಗಳಲ್ಲಿ ಗೋಡೆ ಹಿಡಿದುಕೊಂಡೇ ನಡೆಯುತ್ತಿದ್ದರು, ಹೋದ ಮನೆಯಲ್ಲೆಲ್ಲ ಮೊದಲು ನಿಂಬೆಹಣ್ಣಿನ ಪಾನಕ ಕೇಳುತ್ತಿದ್ದರು. ಅವರು ಹೇಳಿದ ನಿಯಮ ಇಷ್ಟೇ. ಮುದ್ರೆ ಬೀಳುವ ದಿನ ಮಣ್ಣಿನ ಬಣ್ಣ ಎಲ್ಲಿ ಬದಲಾಗುತ್ತದೋ ಅದೇ ಗಡಿ. ಹಗ್ಗದ ಗೆರೆಯೇ ಗಡಿಯಾಗಬೇಕೆಂದರೆ ಎರಡೂ ಮನೆಯ ದೊಡ್ಡವರೆಲ್ಲ ಒಪ್ಪಿಗೆ ಪತ್ರಕ್ಕೆ ರುಜು ಹಾಕಬೇಕು, ಒಬ್ಬರು ಉಳಿದರೂ ಆಗದು. ಗಡಿಯ ಕೆಳಗೆ ಆ ಮನೆಯವರ ಹೆಸರುಗಳು, ಹೆಸರುಗಳ ಕೆಳಗೆ ಮನೆಯವರೊಬ್ಬರ ಹೆಬ್ಬೆಟ್ಟು. ಅಲ್ಲಿಗೆ ಮುಗಿಯಿತು, ನೆಲ ಮತ್ತೆ ಕದಲದು.

ನಿಜಕ್ಕೂ ಕದಲಲಿಲ್ಲ. ಮೊದಲು ಮುದ್ರೆ ಬಿದ್ದದ್ದು ಕುಂಬಾರಗೇರಿಗೆ. ಅಲ್ಲಿನವರಿಗೆ ಒಂದು ವಾರ ನಿದ್ದೆ ಹತ್ತಲಿಲ್ಲವಂತೆ, ದೊಡ್ಡವರೂ ಒಬ್ಬರನ್ನೊಬ್ಬರು ತಟ್ಟಿ ಮಲಗಿಸಬೇಕಾಯಿತಂತೆ. ಉಳಿದ ಬೀದಿಗಳಲ್ಲಿ ನೆಂಟರ ಜಾತ್ರೆಯೇ ಶುರುವಾಯಿತು. ಮುದ್ರೆಗೆ ಮೊದಲು ಹಿತ್ತಲು ಹಿಗ್ಗಲಿ ಎಂದು ಜನ ಸೋದರತ್ತೆಯ ಮೈದುನನ ತನಕ ಹುಡುಕಿ ಕರೆತಂದರು. ಎದುರುಮನೆಯ ಮಾದಪ್ಪ ಹನ್ನೊಂದು ಜನರನ್ನು ತಂದು ಕೂರಿಸಿದ. ಅವರಲ್ಲಿ ಇಬ್ಬರು ಯಾರೆಂದು ಅವನಿಗೂ ಗೊತ್ತಿರಲಿಲ್ಲ. ಇಪ್ಪತ್ತೆಂಟನೆಯ ದಿನ ಆ ಇಬ್ಬರೂ ಹುರುಳಿ ಸಾರು ಸಾಕಾಯಿತೆಂದು ಎದ್ದು ಹೋದರು.

ನಮ್ಮ ಮನೆಯಲ್ಲಿ ನಾವು ಐದು ಜನ. ನಾನು, ಹೆಂಡತಿ ಜಯಶೀಲ, ಮೂರು ಹೆಣ್ಣುಮಕ್ಕಳು. ಹಗಲು ನಾನು ಅರಳೆ ಹಿಂಜುತ್ತೇನೆ, ಅವಳು ಹೊಲಿಯುತ್ತಾಳೆ. ಕತ್ತಲಾದ ಮೇಲೆ ಅದೇ ಕೋಣೆಯಲ್ಲಿ ಮೂಟೆಗಳನ್ನು ಗೋಡೆಗೆ ಒತ್ತಿ ಮಲಗುತ್ತೇವೆ. ತಾಯಕ್ಕ ಮದುವೆಯಾಗದೆ ಉಳಿದವಳು, ಅವಳ ಮನೆಯಲ್ಲಿ ಅವಳೊಬ್ಬಳೇ ಬಾಯಿ. ಹಾಗಾಗಿ ನಮ್ಮ ಕೆಂಪು ಮಣ್ಣು ಮತ್ತೆ ಮರದ ಬುಡದಾಚೆ ಒಂದು ಮೊಳ ಹೋಗಿ ಮಲಗಿತ್ತು. ಹಗ್ಗ ಮಾತ್ರ ಮರದ ಈಚೆಗೆ, ಅಪ್ಪ ಹೊಡೆದ ಗೂಟಗಳಲ್ಲೇ. ಅಪ್ಪ ಹೋದ ಮೇಲೆ ಹಗ್ಗ ಹಳತಾದಾಗಲೆಲ್ಲ ಹೊಸದನ್ನು ಕಟ್ಟುತ್ತ ಬಂದವನು ನಾನು. ಅದೊಂದು ಕಷ್ಟದ ಕೆಲಸವೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಆದರೆ ಕೊನೆಯವಳು, ನಾಲ್ಕು ವರ್ಷದ ತುಂಗಿ, ಆ ಮಳೆಗಾಲದಿಂದ ಕೆಮ್ಮತೊಡಗಿದ್ದಳು. ಮಲಗಿದರೆ ಕೆಮ್ಮು, ಎದ್ದರೆ ಸೀನು. ಆಸ್ಪತ್ರೆಯ ದಾದಿ ಅವಳ ಬೆನ್ನಿಗೆ ಕಿವಿಯಿಟ್ಟು ಕೇಳಿ, "ಈ ಮಗು ಎದೇಲಿ ನೀವು ಹಾಸಿಗೆ ಹೊಲೀತಾ ಇದೀರಿ. ಹತ್ತಿ ಇರೋ ಕಡೆ ಮಗು ಮಲಗಬಾರದು, ಮಗು ಮಲಗೋ ಕಡೆ ಹತ್ತಿ ಇರಬಾರದು," ಎಂದಳು. ಅರಳೆಗೆಂದೇ ಬೇರೆ ಕೊಟ್ಟಿಗೆ ಕಟ್ಟಬೇಕು. ಜಾಗ ಇರುವುದು ಒಂದೇ ಕಡೆ. ಮರ ಕಡಿದು, ಆಚೆಯ ಒಂದು ಮೊಳವನ್ನೂ ಸೇರಿಸಿಕೊಂಡರೆ ಅಲ್ಲೊಂದು ಪುಟ್ಟ ಕೊಟ್ಟಿಗೆ ಏಳುತ್ತದೆ. ಮರ ಇದ್ದರೆ ಏಳದು.

"ನಾನು ಒಪ್ಪಿಗೆ ಪತ್ರಕ್ಕೆ ರುಜು ಹಾಕಲ್ಲ," ಎಂದಳು ಜಯಶೀಲ, ಸೂಜಿಯಿಂದ ಕಣ್ಣೆತ್ತದೆ. "ನಿಮ್ಮಪ್ಪ ಮಾತು ಕೊಟ್ಟಾಗ ನನ್ನ ಕೇಳಿದ್ರಾ? ನನ್ ಮಗಳನ್ನ ಕೇಳಿದ್ರಾ?"

"ಹುಟ್ಟೇ ಇರ್ಲಿಲ್ವಲ್ಲೇ ಅವಳು."

"ಅದೇ ನಾನೂ ಹೇಳ್ತಿರೋದು. ಹುಟ್ದೇ ಇರೋರ ಉಸಿರನ್ನ ಆಗ್ಲೇ ಬರ್ಕೊಟ್ಟವ್ರೆ. ಹೋಗಿ ಆವಮ್ಮಂಗೆ ಹೇಳ್ಬುಟ್ ಬನ್ನಿ. ಗೋಡೆ ಕಡೆ ತಿರುಗ್ಕೊಂಡ್ ಹೇಳ್ಬೇಡಿ, ಮುಖ ನೋಡ್ಕೊಂಡ್ ಹೇಳಿ."

ನಮ್ಮ ಬೀದಿಯ ಸರದಿಗೆ ಇನ್ನು ಮೂವತ್ತೈದು ದಿನವಿತ್ತು. ನಾನು ಹಗ್ಗ ದಾಟಿ ಹೋದೆ. ತಾಯಕ್ಕ ಹಿತ್ತಲಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಕೂದಲು ಅರ್ಧ ನೆರೆತಿತ್ತು. ತೋಳು ಮಾತ್ರ ಮರ ಹತ್ತುವವಳ ತೋಳು.

"ಬರ್ಬೇಕು ದೊರೆಗಳು," ಎಂದಳು. ನನ್ನ ಹೆಸರು ದೊರೆಸ್ವಾಮಿ. ಆ ಹೆಸರನ್ನು ಅವಳು ಒಂದು ದಿನವೂ ನೆಟ್ಟಗೆ ಕರೆದವಳಲ್ಲ. "ನೋಡು ಇಲ್ಲಿ, ನಿನ್ ಹತ್ತಿ ನನ್ ಹಣ್ಣಿಗೆಲ್ಲ ಮೀಸೆ ಬರಿಸೈತೆ. ಸಂತೇಲಿ ಕೇಳ್ತಾರೆ, ಇದೇನಮ್ಮ ಸಾರಿಗ್ ಹಾಕೋದಾ ದಿಂಬಿಗ್ ತುಂಬೋದಾ ಅಂತ."

ನನಗೆ ನಗು ಬರಲಿಲ್ಲ. ಹೇಳಬೇಕಾದದ್ದನ್ನು ಹೇಳಿದೆ. ಮುಖ ನೋಡಿಕೊಂಡೇ ಹೇಳಿದೆ ಎಂದುಕೊಂಡಿದ್ದೇನೆ. ಆದರೆ ಈಗ ನೆನಪಿಗೆ ಬರುವುದು ಅವಳ ಕೈಯ ಕೊಡತಿ ಮಾತ್ರ. ಅದು ಮೇಲೆದ್ದದ್ದು ಕೆಳಗಿಳಿಯಲಿಲ್ಲ.

"ಜಯಶೀಲ ರುಜು ಹಾಕಲ್ವಂತಾ?"

"ಇಲ್ಲ."

"ನೀನು?"

"ನಾನೊಬ್ಬ ಹಾಕಿದ್ರೆ ಏನ್ ಬಂತು ತಾಯಕ್ಕ."

"ಅದ್ನಲ್ಲ ನಾನ್ ಕೇಳಿದ್ದು." ಕೊಡತಿ ಕೆಳಗಿಳಿಯಿತು. ಬೀಜವೊಂದು ಚಿಮ್ಮಿ ನನ್ನ ಕಾಲ ಬಳಿ ಬಿತ್ತು. ನಾನು ಬಗ್ಗಿ ಅದನ್ನು ಎತ್ತಿ ಬೀಜದ ರಾಶಿಗೆ ಹಾಕಿದೆ. ಅವಳು ಇನ್ನೂ ಹತ್ತು ಹಣ್ಣು ಕುಟ್ಟಿದಳು. ಆಮೇಲೆ, "ಮಗು ಹೆಂಗೈತೆ?" ಎಂದಳು.

"ನಿನ್ನೆ ತುಟಿ ನೀಲಿಯಾಗಿತ್ತು."

"ಇವತ್ ಸಂಜೆಯಿಂದ ಇಲ್ ಮಲಗ್ಸು. ನನ್ ಮನೆ ಒಳಗೆ ಒಂದೆಳೆ ಹತ್ತಿ ಇಲ್ಲ. ನಾನ್ ಮಲಗೋದೇ ಈಚಲ ಚಾಪೆ ಮ್ಯಾಲೆ. ಹಾಸಿಗೆಯೋರ ಪಕ್ಕದ್ ಮನೇಲಿದ್ದು ಒಂದ್ ಹಾಸಿಗೆ ಕಂಡೋಳಲ್ಲ ನಾನು," ಎಂದು ಆಗ ನಕ್ಕಳು.

ಜಯಶೀಲಳೇ ತುಂಗಿಯನ್ನು ಸೀರೆಯಲ್ಲಿ ಸುತ್ತಿ ಹೊತ್ತುಕೊಂಡು ಹೋಗಿ ಬಿಟ್ಟು ಬಂದಳು. ಗಡಿಯ ಮಾತು ಅವತ್ತು ಯಾರ ಬಾಯಿಗೂ ಬರಲಿಲ್ಲ. ಮೊದಲ ರಾತ್ರಿ ಹಗ್ಗದಾಚೆಯಿಂದ ಕೆಮ್ಮು ಕೇಳಿಸಿತು, ಐದನೆಯ ರಾತ್ರಿ ಕಡಿಮೆ ಕೇಳಿಸಿತು. ಹಗಲು ಮಗು ಹಗ್ಗದ ಕೆಳಗೆ ನುಸುಳಿ ಬಂದು ಹೋಗಿ ಮಾಡುತ್ತಿತ್ತು, ಬಾಯಿ ತುಂಬ ಹುಣಸೆ ಚಿಗುರು. ಸಂಜೆ ತಾಯಕ್ಕ ರಾಗಿ ಅಂಬಲಿ ಕಾಯಿಸಿ, "ಏ ಮರಿಗುಬ್ಬಿ," ಎಂದು ಕೂಗಿದರೆ ಓಡುತ್ತಿತ್ತು.

ಊರಿಗೆ ಊರೇ ಬೆರಳು ಮಡಚಿ ನೆಂಟರ ದಿನ ಎಣಿಸುತ್ತಿದ್ದ ಕಾಲ ಅದು. ಮಾದಪ್ಪನ ಹನ್ನೊಂದು ಜನರ ದಿನ ನಮಗೂ ಬಾಯಿಪಾಠವಾಗಿತ್ತು. ನಮ್ಮ ಮಗುವಿನ ದಿನವನ್ನು ಮಾತ್ರ ನಾವು ಎಣಿಸಲಿಲ್ಲ. ಸ್ವಂತ ಮಗು ಪಕ್ಕದ ಮನೆಯಲ್ಲಿ ಮಲಗಿದರೆ ಅದನ್ನು ಎಣಿಸಬೇಕೆಂದು ಯಾವ ತಾಯಿತಂದೆಗೆ ಹೊಳೆಯುತ್ತದೆ? ಹೊಳೆದದ್ದು ದೊಡ್ಡ ಮಗಳು ಲೀಲಾಳಿಗೆ. ಊಟಕ್ಕೆ ಕೂತವಳು ತುತ್ತನ್ನು ಕೈಯಲ್ಲೇ ಹಿಡಿದು, "ಅಪ್ಪಾ, ತುಂಗಿ ಹೋಗಿ ಇವತ್ತಿಗೆ ಇಪ್ಪತ್ತೊಂಬತ್ತು," ಎಂದಳು.

ಜಯಶೀಲ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. ನಾವಿಬ್ಬರೂ ಮನಸ್ಸಿನಲ್ಲೇ ಲೆಕ್ಕ ಹಾಕಿದೆವು. ನಮ್ಮಲ್ಲಿ ಒಂದು ಬಾಯಿ ಕಡಿಮೆ, ಅಲ್ಲಿ ಒಂದು ಹೆಚ್ಚು. ಮಣ್ಣು ಎರಡು ಮೊಳ ಹಿಂದಕ್ಕೆ. ಮರ ಅವಳ ಬೂದು ಮಣ್ಣಿನಲ್ಲಿ. ಮುದ್ರೆಗೆ ಇನ್ನು ಆರೇ ದಿನ.

"ಮಗು ಕೆಮ್ಮಿಗಲ್ಲ, ಮರಕ್ಕೆ ಕರ್ಕೊಂಡವ್ಳೆ," ಎಂದಳು ಜಯಶೀಲ. ಅವಳ ದನಿಯಲ್ಲಿ ಕೋಪಕ್ಕಿಂತ ದಿಗಿಲು ಹೆಚ್ಚಿತ್ತು. "ಮುದ್ರೆ ಬಿದ್ದಾಗ ಅಲ್ಲಿದ್ರೆ ಅವಳ ಹೆಸ್ರೂ ಅಲ್ಲೇ ಬರೀತಾರೆ ಗೊತ್ತಾ? ಏಳಿ. ಇವತ್ತೊಂದ್ ರಾತ್ರಿ ಇಲ್ ಮಲಗಿದ್ರೆ ಸಾಕು. ನಾಳೆ ಬೇಕಾದ್ರೆ ಮತ್ತೆ ಬಿಡಾನ. ಎತ್ಕೊಂಡ್ ಬನ್ನಿ."

ದೀಪ ಹಚ್ಚುವ ಹೊತ್ತು. ತಾಯಕ್ಕನ ಮನೆಯ ಬಾಗಿಲು ತೆರೆದೇ ಇತ್ತು. ತುಂಗಿ ಆಗಲೇ ಉಂಡು ಚಾಪೆಯ ಮೇಲೆ ಮಲಗಿದ್ದಳು, ಒಂದು ಕಾಲು ಗೋಡೆಯ ಮೇಲೆ. ತಾಯಕ್ಕ ಅವಳ ಪಕ್ಕದಲ್ಲಿ ಕೂತು ಕುಡುಗೋಲು ಮಸೆಯುತ್ತಿದ್ದವಳು ನನ್ನನ್ನು ಕಂಡು ನಿಲ್ಲಿಸಿದಳು.

"ಎಣಿಸಿದ್ರಾ?" ಎಂದಳು.

"ನೀನು ಮೊದ್ಲೇ ಎಣಿಸಿದ್ಯಾ ತಾಯಕ್ಕ?"

"ಮೊದಲ್ನೇ ದಿನಾನೇ."

"ಹಂಗಾದ್ರೆ ಮರಕ್ಕೇನಾ?"

"ಮರಕ್ಕೂ ಹೌದು, ಮಗೀಗೂ ಹೌದು. ಒಂದೇ ಸಲಕ್ಕೆ ಎರಡ್ ಕೆಲ್ಸ ಮಾಡೋದು ತಪ್ಪೇನ್ಲಾ? ನಿನ್ ಹೆಂಡ್ತಿ ಒಂದ್ ಕೈಲಿ ಹಾಸ್ಗೆ ಹೊಲೀತಾ ಒಂದ್ ಕೈಲಿ ಮಗೀನ ತೂಗಲ್ವಾ?" ಕುಡುಗೋಲನ್ನು ಗೋಡೆಗೆ ಒರಗಿಸಿದಳು. "ಎತ್ಕೊಂಡ್ ಹೋಗಂಗಿದ್ರೆ ಹೋಗು. ನಾನ್ ತಡಿಯೋಳಲ್ಲ. ಮರ ಹೋದ್ರೆ ಇನ್ನೊಂದ್ ಬೀದೀಲಿ ಕೂಲಿಗ್ ಹೋಗ್ತೀನಿ, ತೋಳು ಗಟ್ಟಿ ಐತೆ."

ನಾನು ಬಗ್ಗಿದೆ. ತುಂಗಿಯ ಕುತ್ತಿಗೆಯ ಕೆಳಗೆ ಒಂದು ಕೈ, ಮೊಣಕಾಲ ಕೆಳಗೆ ಒಂದು ಕೈ ಹಾಕಿದೆ. ಅಷ್ಟು ಹತ್ತಿರ ಬಗ್ಗಿದಾಗ ಅವಳ ಉಸಿರು ನನ್ನ ಕಿವಿಗೆ ತಾಗಿತು. ನಾಲ್ಕು ತಿಂಗಳಿಂದ ಆ ಉಸಿರಿನೊಳಗೆ ಬಿಲ್ಲಿನ ನಾರಿ ಎಳೆದಂಥ ಸದ್ದೊಂದು ಇರುತ್ತಿತ್ತು. ಅದು ಇರಲಿಲ್ಲ. ನೀರಿನ ಮೇಲೆ ಎಲೆ ತೇಲಿದ ಹಾಗೆ ಉಸಿರು ಹೋಗುತ್ತಿತ್ತು, ಬರುತ್ತಿತ್ತು. ಎಷ್ಟು ಹೊತ್ತು ಹಾಗೆ ಬಗ್ಗಿಯೇ ಇದ್ದೆನೋ. ನನ್ನ ಸೊಂಟ ನೋಯತೊಡಗಿತ್ತು. ಕೈಗಳನ್ನು ಒಂದೊಂದಾಗಿ ಎಳೆದುಕೊಂಡೆ. ನನ್ನ ಅಂಗಿಯಿಂದ ಅರಳೆಯ ಎಳೆಯೊಂದು ಅವಳ ಹೊದಿಕೆಯ ಮೇಲೆ ಉದುರಿತ್ತು. ತಾಯಕ್ಕ ಅದನ್ನು ಎರಡು ಬೆರಳಲ್ಲಿ ಎತ್ತಿ ದೀಪಕ್ಕೆ ಹಿಡಿದಳು. ಚುರ್ ಎಂದಿತು.

ಬರಿಗೈಯಲ್ಲಿ ಬಂದ ನನ್ನನ್ನು ಜಯಶೀಲ ಹೊಸ್ತಿಲಲ್ಲೇ ತಡೆದಳು.

"ಎಲ್ಲಿ?"

"ನಿದ್ದೆ ಮಾಡ್ತಾ ಅವ್ಳೆ."

"ನಿದ್ದೆ ಮಾಡೋ ಮಗೀನ ಎತ್ಕೊಂಡ್ ಬರಕ್ಕಾಗಲ್ವಾ? ಮೂರ್ ಮಕ್ಳನ್ನ ಎತ್ತಿದೀನಿ ನಾನು, ಒಬ್ಬಳೂ ಎಚ್ಚರ ಆಗಿಲ್ಲ. ಬುಡಿ, ನಾನೇ ಹೋಯ್ತೀನಿ."

ಅವಳು ಸೆರಗು ಸಿಕ್ಕಿಸಿಕೊಂಡು ಹೋದಳು. ನಾನು ಹೊಸ್ತಿಲಲ್ಲಿ ನಿಂತು ನೋಡಿದೆ. ಹಗ್ಗದ ತನಕ ಬಿರುಸಾಗಿಯೇ ನಡೆದಳು. ಹಗ್ಗ ಎತ್ತಲು ಕೈ ಹಾಕಿದವಳು ಹಾಗೇ ನಿಂತಳು. ತಾಯಕ್ಕನ ಕಿಟಕಿ ಅಲ್ಲಿಗೆ ನಾಲ್ಕು ಹೆಜ್ಜೆ. ತಲೆಯನ್ನು ಒಂದು ಕಡೆಗೆ ವಾಲಿಸಿ ಕೇಳುತ್ತಿದ್ದಳು. ಒಳಗಿನಿಂದ ಏನೂ ಕೇಳಿಸುತ್ತಿರಲಿಲ್ಲ, ಅದನ್ನೇ ಕೇಳುತ್ತಿದ್ದಳು. ಲೀಲಾ ಬಂದು ನನ್ನ ಪಕ್ಕದಲ್ಲಿ ನಿಂತು, "ಅವ್ವ ಯಾಕಪ್ಪ ಅಲ್ಲೇ ನಿಂತವ್ಳೆ?" ಎಂದಳು. ನಾನು ಅವಳ ಬಾಯಿಯ ಮೇಲೆ ಬೆರಳಿಟ್ಟೆ. ಪೂರ್ತಿ ಕತ್ತಲಾಗುವ ತನಕ ಜಯಶೀಲ ಅಲ್ಲಿದ್ದಳು. ಆಮೇಲೆ ಹಗ್ಗವನ್ನು ಬಿಟ್ಟು ಬಂದಳು, ಇಬ್ಬರು ಮಕ್ಕಳಿಗೆ ಹಾಸಿಗೆ ಹಾಸಿದಳು.

ಆ ರಾತ್ರಿ ಯಾರೋ ಹಾಸಿಗೆಯ ತುದಿಯನ್ನು ಎಳೆದರು. ಬೆಳಿಗ್ಗೆ ನೋಡಿದರೆ ಮಣ್ಣು ಎರಡು ಮೊಳ ಹಿಂದೆ ಬಂದು, ಮರದ ಈಚೆಗೆ ನಿಂತಿತ್ತು. ನಾನು ಚೊಂಬು ಹಿಡಿದು ಅಲ್ಲೇ ಕೂತೆ. ನನ್ನ ಮಗಳಿಗಿನ್ನೂ ನಾಲ್ಕು ವರ್ಷ.

ಗುರುಸಿದ್ದಯ್ಯನವರು ಹೇಳಿದ ದಿನವೇ ಬಂದು, ಪಾನಕ ಕುಡಿದು, ಮರವನ್ನು ತಬ್ಬಿ ಹಿಡಿದುಕೊಂಡು ಸರಪಳಿ ಎಳೆಸಿದರು. ನಮ್ಮ ಎಷ್ಟೋ ವರ್ಷದ ಮಾತು ಅವರ ಕಾಗದದಲ್ಲಿ ಒಂದೂವರೆ ಸಾಲಾಯಿತು. ತಾಯಕ್ಕ ಪಕ್ಕದಲ್ಲೇ ನಿಂತು, "ಸ್ವಾಮಿ, ಕೊಂಬೆ ಕಡಿಯೋದೂ ಬರೀರಿ. ಅವರ ಕಡೀಕ್ ಚಾಚಿದ್ದನ್ನ ವರ್ಷಾ ವರ್ಷಾ ಕಡೀತೀನಿ ಅಂತ," ಎಂದಳು.

"ಕೊಂಬೆಗೆಲ್ಲ ಇದ್ರಲ್ಲಿ ಜಾಗ ಇಲ್ಲಮ್ಮ. ನೆಲ ಮಾತ್ರ."

"ನೆಲದ್ ಮ್ಯಾಲೇ ತಾನೆ ಮರ ಇರೋದು? ಅವರ ಮಾತಿಗ್ ಮುದ್ರೆ ಬಿದ್ ಮ್ಯಾಲೆ ನನ್ ಮಾತೇನ್ ಪರದೇಸೀನಾ?"

"ಅದನ್ನ ನೀವ್ ನೀವೇ ಇಟ್ಕೊಳಿ. ಹೆಸರು ಹೇಳಿ, ಹೆಸರು." ಅವರು ತುಂಗಿಯನ್ನು ನೋಡಿದರು. "ಈ ಮಗು ಯಾವ ಮನೇದು?"

ತುಂಗಿ ಮರದ ಬೇರಿನ ಮೇಲೆ ಕೂತಿದ್ದಳು. "ಹಗಲು ಅಲ್ಲಿ, ರಾತ್ರಿ ಇಲ್ಲಿ," ಎಂದಳು.

"ಹಗಲಿಗೆ ಲೆಕ್ಕ ಇಲ್ಲ ಪುಟ್ಟಿ," ಎಂದು ಗುರುಸಿದ್ದಯ್ಯನವರು ತಾಯಕ್ಕನ ಹೆಸರಿನ ಕೆಳಗೆ ಅವಳ ಹೆಸರು ಬರೆದರು. ಅವರು ಬರೆದು ಮುಗಿಸುವ ತನಕ ಜಯಶೀಲ ಲೇಖನಿಯ ತುದಿಯಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಹೆಬ್ಬೆಟ್ಟನ್ನು ಮಸಿಗೆ ಒತ್ತಿ, ನಮ್ಮ ನಾಲ್ಕು ಹೆಸರುಗಳ ಕೆಳಗೆ ಅದುಮಿದಳು. ಎಷ್ಟು ಬಲವಾಗಿ ಅದುಮಿದಳೆಂದರೆ ಗುರುಸಿದ್ದಯ್ಯನವರು, "ಸಾಕಮ್ಮ, ಕಾಗದ ಹರೀತದೆ," ಎನ್ನಬೇಕಾಯಿತು. ಮುದ್ರೆ ಬಿತ್ತು. ಕಾಲ ಕೆಳಗೆ ಏನೋ ಉಸಿರು ನಿಲ್ಲಿಸಿದ ಹಾಗಾಯಿತು, ಗುರುಸಿದ್ದಯ್ಯನವರು ಮರವನ್ನು ಬಿಟ್ಟು ನೆಟ್ಟಗೆ ನಿಂತರು.

ನಮ್ಮ ಗಡಿ ಮರ ದಾಟಲಿಲ್ಲ. ಅಪ್ಪ ಕೊಟ್ಟ ಮಾತು ಉಳಿಯಿತು.